ಬೇಜಾರು ಕಳೆಯುವ ಮಷೀನು

ಮಲ್ಲನಗೌಡರದು ಬಹಳ ದೊಡ್ಡ ಮನಸ್ಸು. ಮನೆತನದ ಮರ್ಯಾದೆಗೆಂದು ಹೆಂಡತಿ ಶಾಂಭವಿಯ ಶಿಕ್ಷಕಿ ಕೆಲಸ ಬಿಡಿಸಿದ್ದವರು, ಈಗ ಮನೆಯಲ್ಲಿ ಕುಳಿತ ಅವಳ ಬೇಜಾರು ಕಳೆಯಲೆಂದು ಹೊಲಿಗೆ ಮಷೀನು ಕೊಡಿಸಲು ತಾವೇ ಧಾರವಾಡದ ಅಂಗಡಿಗೆ ಕರೆತಂದಿದ್ದರು.

“ನಿನಗ ಯಾವ್ದು ಬೇಕೋ ಅದನ್ನ ತಗೋ,” ಎಂದರು, ಅಂಗಡಿಯವನಿಗೂ ಕೇಳುವಂತೆ.

ಶಾಂಭವಿ ಸಣ್ಣ ಮಷೀನುಗಳತ್ತ ನೋಡಲೂ ಇಲ್ಲ. ಕಸೂತಿ ಹಾಕುವ ದೊಡ್ಡದರ ಮುಂದೆ ಕುಳಿತು ಚೂರು ಬಟ್ಟೆಯ ಮೇಲೆ ಗೋಪುರದ ಚಿತ್ತಾರ ಮೂಡಿಸಿ, ತಿರುವಿ ಹಿಂಬದಿಯ ದಾರವನ್ನೂ ಪರೀಕ್ಷಿಸಿದಳು.

“ಮುಂಜಾನಿಯಿಂದ ಸಂಜಿತನಕ ಓಡಿಸಿದ್ರ ಮೋಟಾರ್ ತಡೀತದೇನ್ರೀ?”

“ಬಿಸಿ ಸುದ್ದಾ ಆಗೂದಿಲ್ರೀ ಅಕ್ಕಾರ.”

ಗೌಡರಿಗೆ ನಗು ತಡೆಯಲಾಗಲಿಲ್ಲ. “ತಲಿದಿಂಬಿನ ಕವರ್ ಹೊಲಿಯಾಕ ಇಷ್ಟ್ ದೊಡ್ಡದ್ಯಾಕ? ಇರ್ಲಿ ಬಿಡು, ಹೆಣ್ಮಕ್ಕಳ ಹುಚ್ಚು!”

ಎದೆಯುಬ್ಬಿಸಿ ಕಾರ್ಡ್ ಉಜ್ಜಿದರು. ಅಂಗಡಿಯವನು ಪೆನ್ನು ಹಿಡಿದ.

“ಎಲ್ಲಿಗೆ ಕಳಿಸ್ಲಿರಿ? ಗೌಡ್ರ ಮನಿಗೇ ಹೌದಲ್ರೀ?”

“ಮನಿಗ್ಯಾಕ್ರೀ?” ಎಂದಳು ಶಾಂಭವಿ. “ಬಸ್ ಸ್ಟ್ಯಾಂಡ್ ಎದುರಿಗೆ ಹೊಸಾ ಟೇಲರಿಂಗ್ ಅಂಗಡಿ ಐತಲ್ಲ, ಅಲ್ಲಿಗೆ ಕಳಿಸ್ರಿ. ಅದು ನಂದೇ. ಶುಕ್ರವಾರ ಪೂಜಿ, ನೀವೂ ಬರ್ರಿ.”