ಸುಗುಣಮ್ಮನ ಬೆಂಚು

ಊರಿನ ಮರಮುಟ್ಟಿಗೆಲ್ಲ ಬಾಯಿ ಬಂದ ಮೇಲೆ ನಮ್ಮ ಬೆಟಗೇರಿ ಚರ್ಚಿನ ಬೆಂಚುಗಳೂ ಹಾಡತೊಡಗಿವೆ, ತಮ್ಮ ಮೇಲೆ ಕೂತು ತೀರಿಹೋದವರ ದನಿಯಲ್ಲೇ. ಹಾಗಾಗಿ ಭಾನುವಾರ ನಾವು ಆರೇ ಮುದುಕರು ಸೇರಿದರೂ ಕೀರ್ತನೆಗೇನೂ ಕೊರತೆಯಿಲ್ಲ.

ತಕರಾರು ಫ್ಯಾನಿನ ಕೆಳಗಿನ ಬೆಂಚಿನದು. ಅದು ಸುಗುಣಮ್ಮನ ಜಾಗ. ಹೊಸಬರು ಯಾರು ಕೂತರೂ, "ಏಳ್ರಿ, ಇದು ನನ್ನ ಜಾಗಾ!" ಎಂದು ಗದರುತ್ತದೆ. ಬದುಕಿದ್ದಾಗಲೂ ಆಕೆ ಹಾಗೇ ಅನ್ನುತ್ತಿದ್ದಳು. ಬಂದವರು ಮತ್ತೆ ಇತ್ತ ತಲೆಹಾಕುವುದಿಲ್ಲ.

ಹೋದ ವಾರ ಬಿಸಿಲಿಗೆ ಬಸವಳಿದ ಹೆಂಗಸೊಬ್ಬಳು ಕೂಸನ್ನೆತ್ತಿಕೊಂಡು ಒಳಬಂದು, ಗಾಳಿ ನೋಡಿ ಅಲ್ಲೇ ಕೂತಳು. ಬೆಂಚು ಗದರಿತು. "ನಮ್ಮತ್ತೀನೂ ಹಿಂಗ ಒದರ್ತಾಳ್ರಿ," ಎಂದು ಆಕೆ ಅಲುಗಲಿಲ್ಲ. ಕೂಸು ಮಾತ್ರ ಬೆಂಚಿಗಿಂತ ಜೋರಾಗಿ ಕಿರುಚಿತು. ಪಾದ್ರಿಯವರ ಉಪದೇಶದುದ್ದಕ್ಕೂ ಇಬ್ಬರದೂ ಜಗಳ. ಕಡೆಗೆ ಕೂಸು ಆ ಬೆಂಚಿನ ಮೇಲೇ ನಿದ್ದೆಹೋಯಿತು. ಬೆಂಚು ಮೆಲ್ಲಗೆ ಜೋಗುಳ ಗುನುಗಿತು. ಪಾದ್ರಿ ದೇವದಾನಪ್ಪನವರು ಆಶೀರ್ವಾದವನ್ನು ಪಿಸುಮಾತಿನಲ್ಲೇ ಮುಗಿಸಿದರು.

ಈ ಭಾನುವಾರ ಗಂಟೆ ಬಾರಿಸಿ ಆದರೂ ಕೂಸಿನ ತಾಯಿಯ ಸುಳಿವಿಲ್ಲ. "ಬರೂದಿಲ್ಲ ಬಿಡ್ರಿ," ಎಂದು ನಾನೇ ಹೋಗಿ ಫ್ಯಾನಿನ ಕೆಳಗೆ ಕೂತೆ.

"ಏಳೋ ಸತ್ಯಮಿತ್ರಾ," ಎಂದು ಬೆಂಚು ಗದರಿತು, "ಇದು ಕೂಸಿನ ಜಾಗಾ!"

ಹುಟ್ಟಿದಾಗಿನಿಂದ ಈ ಸಭೆಯವನಾದ ನಾನು ತೆಪ್ಪಗೆ ಎದ್ದೆ. ಪಾದ್ರಿಯವರು ಹೋಗಿ ಫ್ಯಾನಿನ ವೇಗ ಸ್ವಲ್ಪ ಇಳಿಸಿ ಬಂದರು. ಕೂಸಿಗೆ ಶೀತ ಆಗಬಾರದಲ್ಲ.