ಮೈಮೇಲಿನ ಅಳತೆ

ಟಿಕೆಟ್ ಆಫೀಸಿನ ಗೋಡೆಯಲ್ಲಿದ್ದ ಭೂಪಟದ ಮೇಲೆ ಟೈಲರ್ ತನ್ನ ಕೊರಳಿನ ಟೇಪನ್ನು ಹಿಡಿದ. ಒಂದು ತುದಿ ತನ್ನ ಊರಿನ ಮೇಲೆ, ಇನ್ನೊಂದು ಅಕ್ಕನ ಊರಿನ ಮೇಲೆ. "ಎಂಬತ್ತು ಸೆಂಟಿಮೀಟರ್. ನೋಡಮ್ಮ, ಬರೀ ಸಮುದ್ರ. ಇಷ್ಟು ದೂರ ಕೂತು ಹೋಗೋಕೆ ನನ್ನ ಸೊಂಟ ಒಪ್ಪಲ್ಲ." ಹನ್ನೊಂದು ವರ್ಷದ ಹಿಂದೆ ಜಗಳವಾಡಿ ಮಾತು ಬಿಟ್ಟಿದ್ದ ಅಕ್ಕ, "ನನ್ನ ಆಪರೇಷನ್ನಿಗೆ ಮುಂಚೆ ಒಂದ್ಸಲ ಬಂದು ಹೋಗು" ಎಂದು ಹೇಳಿ ಕಳಿಸಿದ್ದಳು.

"ಹತ್ತೂವರೆ ಗಂಟೆ ಅಷ್ಟೇ ಮಾಸ್ಟ್ರೇ," ಎಂದಳು ಟಿಕೆಟ್ ಮಾಡುವ ಹುಡುಗಿ. "ವಿಮಾನ ಸಮುದ್ರದ ಮೇಲೆ ಹೋಗಲ್ಲ. ಉತ್ತರಕ್ಕೆ ಏರಿ, ಹಿಮದ ಮೇಲೆ ಹಾದು ಇಳಿಯುತ್ತೆ."

"ನೇರ ದಾರಿ ಬಿಟ್ಟು ಸುತ್ತು ಹಾಕ್ಕೊಂಡು ಹೋಗುತ್ತಾ?"

ಅವಳು ಮೇಜಿನ ಮೇಲಿದ್ದ ದುಂಡನೆಯ ಭೂಗೋಳವನ್ನು ಅವನ ಮುಂದಕ್ಕೆ ತಳ್ಳಿದಳು. "ನೀವು ಅಂಗಿಗೆ ಅಳತೆ ಎಲ್ಲಿ ತಗೋತೀರಿ? ಹರವಿದ ಬಟ್ಟೆ ಮೇಲೋ, ಮೈ ಮೇಲೋ?"

ಟೈಲರ್ ಭೂಗೋಳದ ಮೇಲೆ ಬಗ್ಗಿದ. ಟೇಪಿನ ತುದಿಗಳನ್ನು ಎರಡೂ ಊರುಗಳ ಮೇಲೆ ಹೆಬ್ಬೆರಳುಗಳಿಂದ ಒತ್ತಿ, ಮೊದಲು ಸಮುದ್ರದ ಗುಂಟ ಅಳೆದ. ಇಪ್ಪತ್ತೈದು ಸೆಂಟಿಮೀಟರ್. ಆಮೇಲೆ, ಎದೆಯ ಸುತ್ತಳತೆ ತೆಗೆಯುವಾಗ ಎಳೆಯುವ ಹಾಗೆ, ಟೇಪನ್ನು ಬಿಗಿಯಾಗಿ ಎಳೆದ. ಅದು ಸಮುದ್ರದ ಮೇಲೆ ನಿಲ್ಲದೆ ತಾನಾಗಿಯೇ ಜಾರಿ, ಮೇಲಿನ ಬಿಳಿ ಹಿಮದ ಮೇಲೆ ಹೋಗಿ ಕೂತಿತು. ಇಪ್ಪತ್ತು. ಮೂವತ್ತು ವರ್ಷದಲ್ಲಿ ಟೇಪಿನ ಮಾತನ್ನು ಅವನು ಒಮ್ಮೆಯೂ ಮೀರಿದವನಲ್ಲ.

ಟೇಪನ್ನು ನಿಧಾನವಾಗಿ ಸುತ್ತಿ ಜೇಬಿಗಿಟ್ಟ. "ಗುರುವಾರದ್ದಕ್ಕೆ ಮಾಡಮ್ಮ."

"ಮತ್ತೆ ನಿಮ್ಮ ಸೊಂಟ?"

"ಸೊಂಟಕ್ಕೇನಾಗಿದೆ," ಎಂದ, ತಲೆ ತಗ್ಗಿಸಿ.