ಕೇಸ್ ಶೀಟಿನ ಮೊದಲ ಹಾಳೆ

“ಈ ಮೊದಲ ಹಾಳೆ ಒಂದನ್ನು ಹೊಸದಾಗಿ ಬರೆದುಬಿಡಿ ಸಿಸ್ಟರ್,” ಎಂದು ಡಾಕ್ಟರ್ ಕಿರಣ ಅವರು ಗನಿ ಎಂಬ ರೋಗಿಯ ಕೇಸ್ ಶೀಟನ್ನು ರಾಜೀವಿಯ ಮೇಜಿನ ಮೇಲಿಟ್ಟರು. “ಆ ಕೆಂಪು ಸಾಲು ಬೇಡ. ಉಳಿದದ್ದೆಲ್ಲ ಇದ್ದ ಹಾಗೇ ಇರಲಿ.”

ಕೆಂಪು ಸಾಲು ರಾಜೀವಿಯೇ ಬರೆದದ್ದು. ಕಿರವತ್ತಿಯ ಲಾರಿ ಡ್ರೈವರ್ ಗನಿ ಕಾಲಿನ ಕುರು ಕೀವಾಗಿ ಯಲ್ಲಾಪುರದ ಈ ಆಸ್ಪತ್ರೆಗೆ ಸೇರಿದ ಸಂಜೆ, ಅವನಿಗೆ ಪೆನಿಸಿಲಿನ್ ಆಗುವುದಿಲ್ಲ ಎಂದು ಹೆಂಡತಿ ಕುಬ್ರಾ ಹೇಳಿದ್ದನ್ನು ಗುರುತು ಮಾಡಿಕೊಂಡಿದ್ದಳು. ಮರುದಿನ ರೌಂಡ್ಸಿಗೆ ಬಂದ ಡಾಕ್ಟರು ಮೊದಲ ಹಾಳೆ ನೋಡದೆ ಅದೇ ಬಗೆಯ ಇಂಜೆಕ್ಷನ್ ಬರೆದರು. ಹನ್ನೊಂದು ರೋಗಿಗಳನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದ ರಾಜೀವಿಯೂ ನೋಡಲಿಲ್ಲ. ಸೂಜಿ ತೆಗೆದು ಐದು ನಿಮಿಷವಾಗಿರಲಿಲ್ಲ, ಗನಿಯ ತುಟಿ ಊದಿ ಉಸಿರು ಕಟ್ಟಿತು. ಹುಬ್ಬಳ್ಳಿಗೆ ಸಾಗಿಸಿದ್ದರಿಂದ ಜೀವ ಉಳಿಯಿತು. ಆದರೆ ಮೆದುಳಿಗೆ ಪೆಟ್ಟಾಗಿ ಈಗ ಮಾತು ತೊದಲುತ್ತದೆ, ತುತ್ತು ಎತ್ತಲು ಕೈ ಬರುವುದಿಲ್ಲ.

“ದಾಖಲೆ ಕೇಳಿ ಗನಿಯ ಹೆಂಡತಿ ಅರ್ಜಿ ಕೊಟ್ಟು ಇವತ್ತಿಗೆ ಮೂರು ದಿನ. ಇನ್ನು ಕೊಡದೆ ಇರಲಿಕ್ಕೆ ಕಾನೂನಿನಲ್ಲಿ ಬರೂದಿಲ್ಲ. ಮನೆಯವರು ಹೇಳಲೇ ಇಲ್ಲ ಅಂತಾದ್ರೆ ನಮ್ಮ ಮೇಲೆ ಬರೂದಿಲ್ಲ.” ಡಾಕ್ಟರು ದನಿ ತಗ್ಗಿಸಿದರು. “ಬರೆದವರೂ ನೀವು, ಚುಚ್ಚಿದವರೂ ನೀವು. ಮೊದಲು ಹಿಡಿಯೂದು ನಿಮ್ಮನ್ನೇ. ನಿಮ್ಮನ್ನು ಉಳಿಸಲಿಕ್ಕೇ ಹೇಳ್ತಾ ಇದ್ದೇನೆ.”

ಮೊದಲು ಹಿಡಿಯುವುದು ತನ್ನನ್ನೇ ಎನ್ನುವುದರಲ್ಲಿ ಸುಳ್ಳೇನೂ ಇರಲಿಲ್ಲ. ಅವರು ಆಪರೇಷನ್ ಥಿಯೇಟರಿಗೆ ಹೋದ ಮೇಲೆ ರಾಜೀವಿ ಖಾಲಿ ಹಾಳೆ ತೆಗೆದುಕೊಂಡು ಗನಿಯ ಹೆಸರು, ವಯಸ್ಸು, ಊರು ಬರೆದಳು.

ಅಷ್ಟರಲ್ಲಿ ಕುಬ್ರಾ ಕೌಂಟರಿನ ಹತ್ತಿರ ಬಂದು ನಿಂತಳು.

“ಸಿಸ್ಟರ್, ಒಂದು ಮಾತು ಕೇಳ್ಲೇನ್ರಿ? ಆವತ್ತ ನಾ ನಿಮಗ ಹೇಳಿದ್ನಿ ಅಲ್ರಿ, ಆ ಔಷಧ ಅವ್ರಿಗೆ ಆಗಂಗಿಲ್ಲ ಅಂತ? ನೀ ಬಾಯಿಬಿಟ್ಟು ಹೇಳಿದ್ರ ಹಿಂಗ್ಯಾಕ ಆಗ್ತಿತ್ತು ಅಂತ ನಮ್ಮತ್ತಿ ದಿನಾ ಅಂತಾರ. ಕೇಳಿ ಕೇಳಿ ಈಗ ನನಗೂ ಹೇಳಿದ್ನೋ ಇಲ್ಲೋ ಅನ್ನಂಗಾಗೇತ್ರಿ.”

ರಾಜೀವಿಯ ಪೆನ್ನು ನಿಂತಿತು. ಕೆಲಸ ಹೋದೀತು, ನರ್ಸಿಂಗ್ ನೋಂದಣಿ ರದ್ದಾದೀತು ಎಂದು ಮೂರು ವಾರದಿಂದ ತನ್ನ ಚಿಂತೆಯಲ್ಲೇ ಇದ್ದವಳಿಗೆ, ಈ ಹೆಂಗಸು ತನ್ನದಲ್ಲದ ತಪ್ಪನ್ನು ಹೊತ್ತು ತಿರುಗುತ್ತಿರಬಹುದೆಂದು ಹೊಳೆದೇ ಇರಲಿಲ್ಲ. ಬರೆಯುತ್ತಿದ್ದ ಹಾಳೆಯನ್ನು ಹರಿದಳು. ಹಳೆಯ ಕೇಸ್ ಶೀಟನ್ನು ಪೂರ್ತಿ ಜೆರಾಕ್ಸ್ ಮಾಡಿ, ಪ್ರತಿ ಹಾಳೆಗೂ ಆಸ್ಪತ್ರೆಯ ಸೀಲು ಒತ್ತಿ ಕೌಂಟರಿನ ಮೇಲಿಟ್ಟಳು. ನಕಲಿನಲ್ಲಿ ಕೆಂಪು ಸಾಲು ಕಪ್ಪಾಗಿತ್ತು.

“ಹೇಳಿದ್ದೀರಿ. ಇಲ್ಲಿ ನೋಡಿ,” ಎಂದು ಇಂಗ್ಲಿಷಿನ ಆ ಸಾಲನ್ನು ಬೆರಳಿಟ್ಟು ಕನ್ನಡದಲ್ಲಿ ಓದಿ ಹೇಳಿದಳು. ‘ಹೆಂಡತಿ ತಿಳಿಸಿದಂತೆ’ ಎನ್ನುವುದನ್ನು ಕುಬ್ರಾ ಎರಡು ಸಲ ಓದಿಸಿಕೊಂಡಳು. ಆಮೇಲೆ ಬೆಂಚಿನ ಮೇಲೆ ಕುಳಿತು ಓಡಣಿಯಿಂದ ಮುಖ ಮುಚ್ಚಿಕೊಂಡಳು. ಕಣ್ಣೊರೆಸಿಕೊಂಡು ಎದ್ದು ಬಂದಳು.

“ಇದು ಯಾರ ಅಕ್ಷರ್ರಿ?”

“ನನ್ನದು.”

“ಮತ್ತ ಇಂಜೆಕ್ಷನ್ ಕೊಟ್ಟವ್ರು?”

“ಅದೂ ನಾನೇ.”

ಕುಬ್ರಾ ಅವಳ ಮುಖವನ್ನೇ ನೋಡಿದಳು. “ಹಂಗಾರ ಕೇಸಿನ್ಯಾಗ ನಿಮ್ಮ ಹೆಸರೂ ಬರ್ತೈತ್ರಿ.”

ರಾಜೀವಿ ಒಂದು ಚೀಟಿಯಲ್ಲಿ ತನ್ನ ಹೆಸರು, ಊರು ಬರೆದು ಹಾಳೆಗಳ ಮೇಲಿಟ್ಟಳು. “ರಾಜೀವಿ ಕೆರಿಯಪ್ಪ ನಾಯ್ಕ, ಕಾನಸೂರು. ವಕೀಲರ ಹತ್ರ ಸರಿಯಾಗಿ ಬರೆಸಿ. ಹೆಸರು ತಪ್ಪಾದ್ರೆ ನೋಟಿಸು ನನಗೆ ಮುಟ್ಟೂದಿಲ್ಲ.”